ಹದಿನಾರನೇ ಕಾರಿನ ಸ್ಥಾನ ನಿರ್ಣಯ

ಮಣ್ಣಿನ ಟ್ರ್ಯಾಕಿನ ಕಾರ್ ರೇಸಿನಲ್ಲಿ ಒಟ್ಟು ಹದಿನಾರು ಕಾರುಗಳು ಭಾಗವಹಿಸತಕ್ಕದ್ದೆಂದೂ, ಯಾವ ಕಾರು ಎಷ್ಟನೇ ಸ್ಥಾನದಿಂದ ಹೊರಡಬೇಕೆಂಬುದನ್ನು ಸಮಿತಿಯು ಸಂಪೂರ್ಣ ನಿಷ್ಪಕ್ಷಪಾತವಾಗಿ ನಿರ್ಧರಿಸತಕ್ಕದ್ದೆಂದೂ ರೇಸ್ ಸಮಿತಿಯ ನಿಯಮಾವಳಿಯ ಮೊದಲನೇ ಪುಟದಲ್ಲಿಯೇ ಇದೆ. ಈ ನಿಷ್ಪಕ್ಷಪಾತದ ಫಲವಾಗಿ ಅಧ್ಯಕ್ಷರ ಭಾಮೈದ ಹನ್ನೊಂದು ವರ್ಷಗಳಿಂದ ಮೊದಲನೇ ಸ್ಥಾನದಲ್ಲಿಯೂ, ರೇಡಿಯೇಟರ್ ರಿಪೇರಿಯವನು ಹನ್ನೊಂದು ವರ್ಷಗಳಿಂದ ಹದಿನಾರನೇ ಸ್ಥಾನದಲ್ಲಿಯೂ ನಿಲ್ಲುತ್ತಾ ಬಂದಿದ್ದರು. ಈ ಬಗ್ಗೆ ಯಾರೂ ಆಕ್ಷೇಪಣೆ ಸಲ್ಲಿಸಿರಲಿಲ್ಲ. ಆಕ್ಷೇಪಣೆಯ ಫಾರಂ ಇನ್ನೂ ಅಚ್ಚಾಗಿರಲಿಲ್ಲ.

ರೇಡಿಯೇಟರ್ ರಿಪೇರಿಯವನನ್ನು ಊರಿನವರೆಲ್ಲ ಧೂಳಣ್ಣ ಎಂದು ಕರೆಯುತ್ತಿದ್ದರು. ಹದಿನೈದು ಕಾರುಗಳು ಎಬ್ಬಿಸಿದ ಧೂಳನ್ನು ಹನ್ನೊಂದು ವರ್ಷ ನುಂಗಿದವನಿಗೆ ಬೇರೆ ಹೆಸರು ಇಟ್ಟರೆ ಅದು ಅನ್ಯಾಯವಾಗುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇವನಿಗೆ ಬಾಯಿಯೂ ಮಣ್ಣೇ. ನಿಯಮದ ಪ್ರಕಾರ ಹಿಂದಿನ ರೇಸನ್ನು ಪೂರ್ತಿ ಮುಗಿಸಿದವರಿಗೆ ಮಾತ್ರ ಮುಂದಿನ ಸ್ಥಾನ, ಮುಗಿಸದವರು ಕೊನೆಗೆ. ಕೊನೆಯಲ್ಲಿ ಹೊರಟವನ ಏರ್ ಫಿಲ್ಟರ್ ಮೂರನೇ ಸುತ್ತಿಗೆ ಧೂಳು ತುಂಬಿ ಕಟ್ಟಿಕೊಳ್ಳುತ್ತಿತ್ತು, ಎಂಜಿನ್ ನಿಲ್ಲುತ್ತಿತ್ತು. ಎಂಜಿನ್ ನಿಂತದ್ದರಿಂದ ರೇಸು ಮುಗಿಯುತ್ತಿರಲಿಲ್ಲ, ರೇಸು ಮುಗಿಯದ್ದರಿಂದ ಮುಂದಿನ ಸಲವೂ ಕೊನೆಯ ಸ್ಥಾನ. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಕಾರ್ಯದರ್ಶಿಗಳು ಅವನಿಗೆ ಎರಡು ಬಾರಿ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ್ದರು.

ಧೂಳಣ್ಣನಿಗೆ ಗೆಲ್ಲುವ ಆಸೆಯೇನೂ ಇರಲಿಲ್ಲ. ಅವನ ಚಿಂತೆ ಅವನ ತಾಯಿಯದು. ಆಕೆ ಹನ್ನೊಂದು ವರ್ಷವೂ ತಪ್ಪದೆ ಬಂದು, ಸಾರ್ವಜನಿಕ ಗ್ಯಾಲರಿಯ ಹತ್ತೊಂಬತ್ತು ಮೆಟ್ಟಿಲು ಹತ್ತಿ, ಮೇಲಿನ ಹಲಗೆಯ ಮೇಲೆ ಕೂತು ರೇಸು ನೋಡಿದ್ದರು. ನೋಡಿದ್ದರು ಅನ್ನುವುದು ಮರ್ಯಾದೆಯ ಮಾತು. ಕಾರುಗಳು ಹೊರಟು ಮುಗಿಸುವ ಗೆರೆ ಇರುವುದು ಟ್ರ್ಯಾಕಿನ ಆಚೆ ಬದಿ, ಅಧ್ಯಕ್ಷರ ಗ್ಯಾಲರಿಯ ಮುಂದೆ. ಕಾರುಗಳು ಈಚೆ ತಿರುವಿಗೆ ಬರುವಷ್ಟರಲ್ಲಿ ಮಗನ ಜಾಗದಲ್ಲಿ ಒಂದು ಕೆಂಪು ಮೋಡ ಮಾತ್ರ ಇರುತ್ತಿತ್ತು. ಆಕೆ ಆ ಮೋಡಕ್ಕೇ ಚಪ್ಪಾಳೆ ತಟ್ಟಿ ಮನೆಗೆ ಬರುತ್ತಿದ್ದರು. ಈ ವರ್ಷ ಮಂಡಿ ನೋವಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ಮುಂದಿನ ವರ್ಷದಿಂದ ಮೆಟ್ಟಿಲು ಹತ್ತುವಂತಿಲ್ಲ.

"ಒಂದೇ ಒಂದು ಸಲ ನಿನ್ನ ಕಾರು ಕಣ್ಣಿಗೆ ಬೀಳ್ಲಿ ಕಣೋ," ಎಂದರು ತಾಯಿ. "ಆಮೇಲೆ ನಾನು ಮನೇಲೇ ಇರ್ತೀನಿ."

ಧೂಳಣ್ಣ ಕಣ್ಣು ಉಜ್ಜಿಕೊಂಡ. ಈ ಸಲ ಧೂಳಿನಿಂದಲ್ಲ.

ಅದೇ ವಾರ ದೇವರೇ ಕಣ್ಣು ಬಿಟ್ಟಂತೆ ಸಮಿತಿ ಸುಧಾರಣೆ ಕೈಗೊಂಡಿತು. ಮೈಕಿನಲ್ಲಿ ಪ್ರಕಟಣೆ ಬಂತು: "ಸಮಸ್ತ ಸ್ಪರ್ಧಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ದುರ್ಬಲರನ್ನು ಮುಂದೆ ತರುವ ಘನ ಉದ್ದೇಶದಿಂದ, ಇನ್ನು ಮುಂದೆ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಗೆರೆ ದಾಟಿದವರಿಗೆ ಮೊದಲನೇ ಸ್ಥಾನವನ್ನೂ, ಎಲ್ಲರಿಗಿಂತ ಬೇಗ ದಾಟಿದವರಿಗೆ ಹದಿನಾರನೇ ಸ್ಥಾನವನ್ನೂ ನೀಡಲಾಗುವುದು." ಅಧ್ಯಕ್ಷರ ಭಾಮೈದನ ಕಾರಿನ ಗೇರ್‌ಬಾಕ್ಸು ಅದರ ಹಿಂದಿನ ವಾರವಷ್ಟೇ ಕೆಟ್ಟು, ಕಾರು ಎರಡನೇ ಗೇರಿನಿಂದ ಮೇಲೆ ಹೋಗುತ್ತಿರಲಿಲ್ಲ. ಇದಕ್ಕೂ ಸುಧಾರಣೆಗೂ ಯಾವ ಸಂಬಂಧವೂ ಇಲ್ಲವೆಂದು ಸಭೆಯ ನಡಾವಳಿಯಲ್ಲಿ ಮುಂಚಿತವಾಗಿಯೇ ದಾಖಲಿಸಲಾಗಿತ್ತು.

ಧೂಳಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಟ್ರ್ಯಾಕಿನಲ್ಲಿ ಅವನ ಕಾರಿಗಿಂತ ನಿಧಾನದ ವಸ್ತುವೆಂದರೆ ನೀರು ಚಿಮುಕಿಸುವ ಟ್ಯಾಂಕರ್ ಒಂದೇ. ಮೊದಲನೇ ಸ್ಥಾನ ತನ್ನದೇ ಎಂದುಕೊಂಡು ಅವನು ಕಾರನ್ನು ಮೂರು ಸಲ ತೊಳೆದು, ನೀಲಿ ಬಣ್ಣ ಹೊಸದಾಗಿ ಬಳಿದ. ತಾಯಿ ಕನ್ನಡಕ ಒರೆಸಿಟ್ಟುಕೊಂಡರು.

ಭಾನುವಾರ ಮಧ್ಯಾಹ್ನ ಅರ್ಹತಾ ಸುತ್ತಿನ ಬಾವುಟ ಬಿತ್ತು. ಧೂಳಣ್ಣ ತನ್ನ ಕಾರಿನ ಶಕ್ತಿಯನ್ನೆಲ್ಲ ಬಳಸಿ, ಅಂದರೆ ಯಥಾಪ್ರಕಾರ ನಿಧಾನವಾಗಿ, ಹೊರಟ. ಮೊದಲ ತಿರುವಿನಲ್ಲಿ ಒಂದು ಕಾರು ಹಿಂದೆ ಬಿತ್ತು. ಎರಡನೇ ತಿರುವಿನಲ್ಲಿ ಐದು. ಅವನಿಗೆ ಗಾಬರಿಯಾಯಿತು. ಎಡಕ್ಕೆ ನೋಡಿದರೆ ಊರಿನ ಅತಿ ವೇಗದ ಚಾಲಕನೆಂದು ಹೆಸರಾದ ಲಾರಿ ಮೆಕ್ಯಾನಿಕ್ಕು ಕಿಟಕಿಯಿಂದ ಕೈ ಹೊರಗೆ ಹಾಕಿ ಗಾಳಿ ಸೇವಿಸುತ್ತಾ ಆಮೆಯ ಹಾಗೆ ಬರುತ್ತಿದ್ದ.

"ಮುಂದೆ ಹೋಗೋ ಮಾರಾಯ!" ಎಂದು ಧೂಳಣ್ಣ ಕೂಗಿದ.

"ನೀನು ಹೋಗಣ್ಣ, ನಮಗೇನೂ ಅರ್ಜೆಂಟಿಲ್ಲ!"

ನಿಧಾನವಾಗಿ ಓಡಿಸುವುದಕ್ಕೂ ಅಭ್ಯಾಸ ಬೇಕು. ಉಳಿದವರು ವಾರವಿಡೀ ಅಭ್ಯಾಸ ಮಾಡಿದ್ದರು. ಧೂಳಣ್ಣನಿಗೆ ಮಾತ್ರ ಇರುವುದನ್ನು ಇರುವ ಹಾಗೆ ಓಡಿಸಿ ಗೊತ್ತು. ಆ ಒಂದು ತಪ್ಪಿನಿಂದ ಅವನು ಹನ್ನೊಂದು ವರ್ಷಗಳಲ್ಲಿ ಮೊಟ್ಟಮೊದಲ ಬಾರಿಗೆ ಎಲ್ಲರಿಗಿಂತ ಮುಂಚೆ ಗೆರೆ ದಾಟಿದ, ಮತ್ತು ನಿಯಮಾನುಸಾರ ಹದಿನಾರನೇ ಸ್ಥಾನ ಪಡೆದ.

ಅವನು ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಕಾರ್ಯದರ್ಶಿಗಳ ಮೇಜಿನ ಬಳಿ ಓಡಿದ. ಕಾರ್ಯದರ್ಶಿಗಳು ವಾರದ ಉಳಿದ ದಿನಗಳಲ್ಲಿ ರಬ್ಬರ್ ಸ್ಟಾಂಪು ಮಾಡುವವರಾದ್ದರಿಂದ ಮೇಜಿನ ಮೇಲೆ ಹನ್ನೆರಡು ಮೊಹರುಗಳಿದ್ದವು.

"ಸಾರ್, ನಾನು ಗೆದ್ದಿದ್ದು ತಪ್ಪಾಗಿ. ನಿಜಕ್ಕೂ ನಾನೇ ನಿಧಾನ. ಎಲ್ರಿಗೂ ಗೊತ್ತು!"

"ನಿಧಾನ ಅನ್ನೋದಕ್ಕೆ ದಾಖಲೆ ಇದೆಯಾ?"

"ಹನ್ನೊಂದು ವರ್ಷದಿಂದ ಕೊನೇಲೇ ಇದೀನಲ್ಲ ಸಾರ್."

"ರೇಸು ಮುಗಿಸಿದ್ರೆ ತಾನೇ ಕೊನೆ ಅಂತ ಬರೆಯೋದು? ನೀನು ಮುಗಿಸೇ ಇಲ್ಲ. ದಾಖಲೆ ಪ್ರಕಾರ ಇವತ್ತು ಒಂದು ದಿನ ಓಡಿದೀಯ, ಇವತ್ತು ನೀನೇ ಫಾಸ್ಟು." ಕಾರ್ಯದರ್ಶಿಗಳು ಮರುಕದಿಂದಲೇ ಮೊಹರು ಒತ್ತಿದರು. "ಬೇಜಾರು ಮಾಡ್ಕೋಬೇಡ. ಅಭಿನಂದನೆ."

ಇತ್ತ ಟ್ರ್ಯಾಕಿನ ಮೇಲೆ ಅರ್ಹತಾ ಸುತ್ತು ಇನ್ನೂ ನಡೆಯುತ್ತಿತ್ತು. ಮೊದಲು ದಾಟಿದವನಿಗೆ ಹಿಂದಿನ ಸ್ಥಾನವಾದ್ದರಿಂದ ಹದಿನೈದು ಕಾರುಗಳೂ ಗೆರೆಯ ಈಚೆಗೇ ನಿಂತುಬಿಟ್ಟಿದ್ದವು. ಎಲ್ಲರಿಗಿಂತ ಮುಂದಿದ್ದ ಭಾಮೈದನ ಕಾರಿಗೂ ಗೆರೆಗೂ ಒಂದು ಗೇಣು ಅಂತರ. ಹಿಂದಿನವರು ತಳ್ಳಿದರೆ ಎಲ್ಲಿ ಗೆರೆ ದಾಟಬೇಕಾಗುತ್ತದೋ ಎಂದು ಪ್ರತಿಯೊಬ್ಬರೂ ಒಬ್ಬರಿಂದೊಬ್ಬರು ದೂರ ಬಿಟ್ಟುಕೊಂಡು ನಿಂತಿದ್ದರಿಂದ ಸಾಲು ಅರ್ಧ ಟ್ರ್ಯಾಕಿನ ತನಕ ಬೆಳೆದಿತ್ತು. ರೇಸಿನಲ್ಲಿ ಕಾರು ನಿಲ್ಲಿಸುವುದು ಅಪರಾಧ, ನಿಜ. ಆದರೆ ಎಂಜಿನ್ ಆರದಿರುವ ಕಾರನ್ನು ಓಡುತ್ತಿರುವ ಕಾರೆಂದೇ ಭಾವಿಸತಕ್ಕದ್ದು ಎಂಬ ನಿಯಮವೂ ಇದೆ. ಹಿಂದೊಮ್ಮೆ ಭಾಮೈದ ಗೆರೆಯ ಹತ್ತಿರ ಗೊರಕೆ ಹೊಡೆದಾಗ ಅದನ್ನು ಸೇರಿಸಲಾಗಿತ್ತು.

ಒಂದು ಗಂಟೆ ಕಳೆಯಿತು. ಎರಡು ಗಂಟೆ ಕಳೆಯಿತು. ಮೈಕಿನವನು, "ತೀವ್ರ ಪೈಪೋಟಿ ಮುಂದುವರಿದಿದೆ," ಎಂದು ಹತ್ತು ನಿಮಿಷಕ್ಕೊಮ್ಮೆ ಹೇಳಿದ. ಸಮಿತಿ ತುರ್ತು ಸಭೆ ಸೇರಿ, ಹಾವೂ ಸಾಯದ ಕೋಲೂ ಮುರಿಯದ ಒಂದು ತೀರ್ಮಾನಕ್ಕೆ ಬಂತು: ಹದಿನೈದು ಮಂದಿ ನಿಂತಿರುವ ಕ್ರಮವನ್ನೇ ಅಂತಿಮ ಕ್ರಮವೆಂದು ಪರಿಗಣಿಸತಕ್ಕದ್ದು, ಹದಿನಾರನೆಯವನು ಹೋಗಿ ಎಲ್ಲರ ಹಿಂದೆ ನಿಲ್ಲತಕ್ಕದ್ದು.

ಧೂಳಣ್ಣ ತಲೆ ತಗ್ಗಿಸಿ ಕಾರು ಹತ್ತಿದ. ಸಾಲಿನ ಬಾಲ ಹುಡುಕುತ್ತಾ ಹೋಗಿ, ಹೋಗಿ, ಈಚೆ ತಿರುವಿನಲ್ಲಿ ನಿಲ್ಲಿಸಿದ. ತಲೆ ಎತ್ತಿದರೆ ಎದುರಿಗೇ ಸಾರ್ವಜನಿಕ ಗ್ಯಾಲರಿ. ಎರಡು ಗಂಟೆಯಿಂದ ಒಂದು ಚಕ್ರವೂ ಉರುಳದ್ದರಿಂದ ಧೂಳೆಲ್ಲ ನೆಲಕ್ಕಿಳಿದು, ಗಾಳಿ ಗಾಜಿನಷ್ಟು ತಿಳಿಯಾಗಿತ್ತು. ಹತ್ತೊಂಬತ್ತನೇ ಮೆಟ್ಟಿಲಿನ ಮೇಲೆ ತಾಯಿ ಎದ್ದು ನಿಂತಿದ್ದರು.

"ಅದೇ! ಅದೇ ನನ್ನ ಮಗಂದು! ನೀಲಿದು!"

ಎರಡು ಗಂಟೆಯಿಂದ ನೋಡಲು ಏನೂ ಇಲ್ಲದೆ ಕೂತಿದ್ದ ಮೂರು ಸಾವಿರ ಜನ ಆ ನೀಲಿ ಕಾರಿಗೆ ಚಪ್ಪಾಳೆ ಹೊಡೆದರು. ಪತ್ರಿಕೆಯ ಫೋಟೋದವನು ಓಡಿ ಬಂದು ಫೋಟೋ ತೆಗೆದ. ಧೂಳಣ್ಣ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಯಾರಿಗೂ ಕಾಣದಂತೆ ಅತ್ತ.

ಕತ್ತಲಾಗುವ ಮುಂಚೆ ಅಧ್ಯಕ್ಷರು ಭಾಷಣ ಮಾಡಿದರು. ಇಂದಿನ ಸ್ಥಾನ ನಿರ್ಣಯದಲ್ಲಿ ಅಪಘಾತವಿಲ್ಲ, ತಕರಾರಿಲ್ಲ. ಇನ್ನು ರೇಸು ಓಡಿಸಿ ಈ ಸೌಹಾರ್ದವನ್ನು ಕೆಡಿಸುವುದು ಬೇಡ ಎಂದರು. ಗೆಲುವಿಗೆ ಅತಿ ಸಮೀಪದಲ್ಲಿ ಅತಿ ಹೆಚ್ಚು ಹೊತ್ತು ಇದ್ದುದಕ್ಕಾಗಿ ಕಪ್ಪನ್ನು ಭಾಮೈದನಿಗೆ ಕೊಡಲಾಯಿತು.

"ಓಡ್ಲೇ ಇಲ್ವಲ್ಲಮ್ಮ," ಎಂದ ಧೂಳಣ್ಣ, ತಾಯಿಯನ್ನು ಮೆಟ್ಟಿಲಿಳಿಸುತ್ತಾ.

"ಓಡಿದ್ರೆ ಕಾಣ್ತಿತ್ತೇನೋ?" ಎಂದರು ತಾಯಿ.

ಮರುದಿನದ ಪತ್ರಿಕೆಯಲ್ಲಿ ಧೂಳಣ್ಣನ ಕಾರಿನ ಫೋಟೋ ಬಂತು, ಕಪ್ಪಿನ ಫೋಟೋ ಬರಲಿಲ್ಲ. ಮುಂದಿನ ವರ್ಷ ಸ್ಪರ್ಧಿಗಳ ಪಟ್ಟಿ ಹಾಕಿದಾಗ ಧೂಳಣ್ಣ ಕೈ ಮುಗಿದು ಹದಿನಾರನೇ ಸ್ಥಾನವನ್ನೇ ಕೇಳಿಕೊಂಡ. ತಾಯಿ ಹತ್ತೊಂಬತ್ತು ಮೆಟ್ಟಿಲು ಹತ್ತಲಾರರು, ಬೇಲಿಯ ಹತ್ತಿರ ಕುರ್ಚಿ ಹಾಕಿ ಕೂರಿಸಬಹುದು ಎಂಬುದು ಅವನ ಲೆಕ್ಕ.

ಕಾರ್ಯದರ್ಶಿಗಳು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಹದಿನಾರನೇದು ಆಗಲ್ಲಪ್ಪ. ಜನದ ಮುಂದೆ ನಿಲ್ಲೋ ಜಾಗ ಅಲ್ವಾ, ಅಧ್ಯಕ್ಷರ ಭಾಮೈದನಿಗೆ ಮೀಸಲಾಗಿದೆ. ಹೊಸ ನಿಯಮ. ನಿನಗೆ ಉಳಿದಿರೋದು ಮೊದಲನೇದೇ. ಏನ್ಮಾಡೋದು, ಹಣೆಬರಹ."

"ಅದು ಅಧ್ಯಕ್ಷರ ಗ್ಯಾಲರಿ ಮುಂದೆ ಅಲ್ವಾ ಸಾರ್? ಅಲ್ಲಿ ಮೆಟ್ಟಿಲೆಷ್ಟು?"

"ಒಂದೂ ಇಲ್ಲ. ಅಧ್ಯಕ್ಷರಿಗೆ ಮೆಟ್ಟಿಲು ಹತ್ತೋಕಾಗಲ್ಲ. ಮೊದಲನೇ ಸ್ಥಾನದವನ ಮನೆಯವರಿಗೆ ಅಲ್ಲಿ ಒಂದು ಮೆತ್ತನೆ ಕುರ್ಚಿ ಕೊಡ್ಬೇಕು ಅಂತ ನಿಯಮ ಇದೆ. ಭಾಮೈದನ ಹೆಂಡತಿಗೆ ಅಂತ ಮಾಡಿದ್ದು."

ಧೂಳಣ್ಣ ಈ ಅನ್ಯಾಯಕ್ಕೆ ಮೂರು ಕಡೆ ಸಹಿ ಹಾಕಿದ.

ಭಾನುವಾರ ಹದಿನಾರು ಕಾರುಗಳು ತಂತಮ್ಮ ಜಾಗದಲ್ಲಿ ನಿಂತವು. ಹೋದ ವರ್ಷದಂತೆ ಈ ಸಲವೂ ಎಂಜಿನ್ ಆರದಿದ್ದರೆ ಸಾಕಾದ್ದರಿಂದ ನಾಲ್ಕು ಮಂದಿ ಚಕ್ರಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಅಧ್ಯಕ್ಷರ ಗ್ಯಾಲರಿಯಲ್ಲಿ ಧೂಳಣ್ಣನ ತಾಯಿ ಮೆತ್ತನೆಯ ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದರು. ಪಕ್ಕದಲ್ಲಿ ಹೊಸದಾಗಿ ಬಂದಿದ್ದ ಅತಿಥಿಯೊಬ್ಬರು ಬಹಳ ಹೊತ್ತು ಕೈಗಡಿಯಾರ ನೋಡಿ ನೋಡಿ, ಕೊನೆಗೆ ತಡೆಯಲಾರದೆ, ರೇಸು ಯಾವಾಗ ಶುರುವಾಗುತ್ತದೆಂದು ಕೇಳಿದರು.

"ಶುರುವಾಗಿ ಒಂದು ಗಂಟೆ ಆಯ್ತಲ್ಲಪ್ಪ," ಎಂದರು ತಾಯಿ, ಕನ್ನಡಕ ಸರಿಮಾಡಿಕೊಳ್ಳುತ್ತಾ. "ಕಾಣ್ತಿಲ್ವಾ? ನನ್ನ ಮಗನೇ ಮುಂದೆ ಇರೋದು."