ತರಬೇತಿಯನ್ನು ನಂಬಿದ ಚಿಕ್ಕಮ್ಮ

ಶಿಕ್ಷಕರ ಗುಣಮಟ್ಟ ಹೆಚ್ಚಿಸಲೆಂದು ಸರಕಾರ ಕೊಡುವ ಅನುದಾನ ಇಡೀ ಉಡುಪಿ ಜಿಲ್ಲೆಯಲ್ಲಿ ಒಬ್ಬರಿಗಷ್ಟೇ ಪೂರ್ತಿ ಮೈಗೆ ಹತ್ತಿದೆ. ಅವರು ನನ್ನ ಚಿಕ್ಕಮ್ಮ! ಉಚ್ಚಿಲದ ಹತ್ತಿರದ ಸರಕಾರಿ ಶಾಲೆಯ ಟೀಚರು. ಉಳಿದವರಿಗೆ ತರಬೇತಿ ಎಂದರೆ ಫ್ಯಾನಿನ ಕೆಳಗೊಂದು ಕುರ್ಚಿ, ಮಧ್ಯಾಹ್ನಕ್ಕೊಂದು ಪಾಯಸ. ಚಿಕ್ಕಮ್ಮ ಮಾತ್ರ ಅಲ್ಲಿ ಹೇಳಿದ್ದನ್ನೆಲ್ಲ ನಂಬಿ ಮನೆಗೆ ಬರುತ್ತಾರೆ. ನಂಬಿದ ಮೇಲೆ ಪ್ರಯೋಗ ಆಗಬೇಡವೇ? ಅದಕ್ಕೆ ನಾವಿದ್ದೇವಲ್ಲ!

‘ಗುಂಪು ಚಟುವಟಿಕೆ’ ಕಲಿತು ಬಂದ ವಾರ, ಕಾಪುವಿನ ಅವರ ಮನೆಗೆ ಊಟಕ್ಕೆ ಹೋದ ನಮ್ಮನ್ನು ಸಾರಿನ ಗುಂಪು, ಪಲ್ಯದ ಗುಂಪು ಎಂದು ಒಡೆದರು. ಗುಂಪಿನ ನಾಯಕರು ಎದ್ದು ನಿಂತು ರುಚಿಯ ವರದಿ ಒಪ್ಪಿಸಬೇಕು. ಸಾರಿಗೆ ಉಪ್ಪು ಕಡಿಮೆ ಎಂದು ವರದಿ ಕೊಟ್ಟ ಚಿಕ್ಕಪ್ಪನಿಗೆ ಮರುಪರೀಕ್ಷೆ ಆಯಿತು!

ಕುಕ್ಕುಂದೂರಿನ ಮದುವೆಯೊಂದರಲ್ಲಿ ತಾಳಿ ಕಟ್ಟುವ ಹೊತ್ತಿಗೆ ಇವರು ಎದ್ದು ನಿಂತು, ಒಂದು ಬೆರಳಿನಿಂದ ಶುರುವಾಗಿ ಅಂಗೈಗೆ ಏರುವ ‘ಮಳೆ ಚಪ್ಪಾಳೆ’ಯನ್ನು ಇಡೀ ಸಭೆಯಿಂದ ಹೊಡೆಸಿದರು. ಪುರೋಹಿತರೂ ಹೊಡೆದರು. ಬಿಡುವ ಧೈರ್ಯ ಯಾರಿಗಿದೆ?

ಈ ವರ್ಷ ಅವರ ಮೂರನೇ ತರಗತಿಗೆ ಒಬ್ಬ ಹುಡುಗಿ ಬಂದಳು. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಬಾಯಿಲೆಕ್ಕದಲ್ಲಿ ಚುರುಕು, ಕತೆ ಹೇಳುವುದರಲ್ಲಿ ಇನ್ನೂ ಚುರುಕು. ಅಕ್ಷರ ಮಾತ್ರ ಎಷ್ಟು ತಿದ್ದಿಸಿದರೂ ತಲೆಯಲ್ಲಿ ನಿಲ್ಲದು. ಅಂಥ ಮಕ್ಕಳಿಗೆ ಓದು ಕಲಿಸುವ ತರಬೇತಿ ಉಡುಪಿಯಲ್ಲಿ ಇದೆಯೆಂದು ತಿಳಿದು ಚಿಕ್ಕಮ್ಮ ಹೆಸರು ಕೊಟ್ಟರು. ಇರುವುದೇ ಅಷ್ಟು ಅನುದಾನ, ನೀವು ಬರುವ ವರ್ಷ ನಿವೃತ್ತರಾಗುವವರು, ನಿಮಗೆ ಕಲಿಸಿ ಏನು ಲಾಭ ಎಂದು ಅಧಿಕಾರಿಗಳು ನಯವಾಗಿಯೇ ಕೇಳಿದರಂತೆ.

“ನಿವೃತ್ತಿ ನನಗೆ ಸರ್. ಆ ಮಗುವಿಗೆ ಮೂರನೇ ಕ್ಲಾಸು ಒಂದೇ ಸಲ ಅಲ್ವಾ?” ಎಂದರಂತೆ ಚಿಕ್ಕಮ್ಮ.

ಉತ್ತರಕ್ಕೂ ಕಾಯದೆ, ತರಬೇತಿಯ ದಿನ ಬಸ್ಸು ಹತ್ತಿ ಹೋಗಿ ಅಲ್ಲಿನ ಹಿಂದಿನ ಬೆಂಚಿನಲ್ಲಿ ಕುಳಿತುಬಿಟ್ಟರು. ಸರಕಾರದ ಊಟಕ್ಕೆ ಹೊರೆಯಾಗಬಾರದೆಂದು ಬುತ್ತಿ ಬೇರೆ! ಅವರನ್ನು ಎಬ್ಬಿಸಲು ಯಾರಿಗೂ ಬಾಯಿ ಬರಲಿಲ್ಲ.

ಆಮೇಲೆ ದಿನಾ ಶಾಲೆ ಬಿಟ್ಟ ಮೇಲೆ ಕಡಲತೀರದ ಒದ್ದೆ ಮರಳಿನಲ್ಲಿ ಪಾಠ. ಕೋಲಿನಿಂದ ಆಳೆತ್ತರದ ಅಕ್ಷರ ಬರೆಯುವುದು, ಅದರ ಗೆರೆಯ ಮೇಲೆ ಇಬ್ಬರೂ ನಡೆಯುವುದು, ನಡೆಯುತ್ತಾ ಅದನ್ನು ಗಟ್ಟಿಯಾಗಿ ಹೇಳುವುದು. ಅರವತ್ತರ ಹೊಸ್ತಿಲಲ್ಲಿ ಸೀರೆ ಎತ್ತಿಕಟ್ಟಿ ‘ದ’ ಅಕ್ಷರದ ಸುತ್ತ ತಿರುಗುವ ಹೆಂಗಸನ್ನು ನೋಡಿ ನಗುವುದೋ, ಕೈಮುಗಿಯುವುದೋ? ನಾನು ಎರಡನ್ನೂ ಮಾಡಿದ್ದೇನೆ.

ಮೊನ್ನೆ ಚಿಕ್ಕಮ್ಮನ ಜೊತೆ ಮೀನಿಗೆಂದು ಮಲ್ಪೆಗೆ ಹೋದಾಗ ಬೋಟುಗಳು ಸಾಲಾಗಿ ನಿಲ್ಲುವ ಧಕ್ಕೆಯಲ್ಲಿ ಆ ಹುಡುಗಿ ಅಪ್ಪನೊಂದಿಗೆ ಸಿಕ್ಕಿದಳು. ಟೀಚರನ್ನು ಕಂಡದ್ದೇ ಅಪ್ಪನ ಬೋಟಿನತ್ತ ತಿರುಗಿ “ಜ, ಲ, ದೇ, ವಿ” ಎಂದು ಓದಿದಳು.

“ಅದು ಅವಳಿಗೆ ಮೊದಲೇ ಗೊತ್ತುಂಟು ಟೀಚರೇ. ಮನೆಯಲ್ಲಿ ದಿನಾ ಹೇಳುವ ಹೆಸರಲ್ವಾ?” ಎಂದರು ಅಪ್ಪ, ಸಂಕೋಚದಿಂದ.

ಹುಡುಗಿಗೆ ಸಿಟ್ಟು ಬಂತು. ಬೇರೆ ಊರಿಂದ ಆಗಷ್ಟೇ ಬಂದು ನಿಂತಿದ್ದ ಬೋಟಿನ ಮುಂದೆ ಹೋಗಿ ನಿಂತಳು. ಬಹಳ ಹೊತ್ತು ನೋಡಿದಳು. “ಸಾ, ಗ, ರ, ರಾ, ಣಿ.”

ಅಪ್ಪ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟರು. “ಇನ್ನೊಂದು ಓದು ಮಗಾ” ಎಂದರು.

ಎಲ್ಲದಕ್ಕೂ ಮಾತಿರುವ ಚಿಕ್ಕಮ್ಮ ನನ್ನ ತೋಳು ಹಿಡಿದುಕೊಂಡು ಅಳುತ್ತಿದ್ದರು. ಅಪ್ಪ, ಮಗಳು ಕೈಹಿಡಿದು ಧಕ್ಕೆಯ ಉದ್ದಕ್ಕೂ ಒಂದೊಂದೇ ಬೋಟನ್ನು ಓದುತ್ತಾ ಹೋದರು.