ಲಿಯಾಂಡರನ ಪ್ರೋಗ್ರೆಸ್ ಕಾರ್ಡು

ಐವತ್ತೆಂಟನೆಯ ವಯಸ್ಸಿನಲ್ಲಿ ಲಿಯಾಂಡರ್ ಗ್ಯಾಸ್ಕಿನ್ಸ್‌ಗೆ ಪ್ರೋಗ್ರೆಸ್ ಕಾರ್ಡು ಬಂತು. ಶನಿವಾರ ಬೆಳಿಗ್ಗೆ ಅವನ ಕಾಫಿ ಲೋಟಕ್ಕೆ ಒರಗಿಸಿ ಹೆಂಡತಿ ವರ್ನಾ ಅದನ್ನು ಇಟ್ಟಿದ್ದಳು. ಮೂರನೇ ಕ್ಲಾಸಿನ ಮಕ್ಕಳಿಗೆ ಕೊಡುವಂಥದೇ ಹಾಳೆ, ಮೇಲೆ ನಗುವ ಸೂರ್ಯನ ಚಿತ್ರ. ಹೆಸರಿನ ಜಾಗದಲ್ಲಿ ಅವನ ಹೆಸರು, ವಿಷಯದ ಜಾಗದಲ್ಲಿ ಬ್ಲಿಟ್ಜ್, ಅಂದರೆ ಗಡಿಯಾರ ಇಟ್ಟು ಸರಸರ ಆಡುವ ಚದುರಂಗ.

ಇದಕ್ಕೆಲ್ಲ ಮೂಲ ಹಿಂದಿನ ಶನಿವಾರ. ನ್ಯೂಯಾರ್ಕಿನ ನಮ್ಮ ಪಾರ್ಕಿನಲ್ಲಿ ಚದುರಂಗದ ಕಲ್ಲುಮೇಜುಗಳ ಒಂದು ಸಾಲಿದೆ. ಅದರಲ್ಲಿ ಎಲ್ಮ್ ಮರದ ಕೆಳಗಿನ ಮೂಲೆ ಮೇಜೆಂದರೆ ಸಿಂಹಾಸನ. ಬೇಸಿಗೆಯಲ್ಲಿ ನೆರಳು, ಚಳಿಗಾಲದಲ್ಲಿ ಬಿಸಿಲು, ಎದುರಿಗೇ ದಾರಿಯಾದ್ದರಿಂದ ನಿಂತು ನೋಡುವ ಜನ. ಇನ್ನೊಂದು ತುದಿಯ ಮೇಜು ಶೌಚಾಲಯದ ಗೋಡೆಗೆ ಅಂಟಿಕೊಂಡಿದೆ, ಮೇಲಿನ ಕೊಂಬೆಯಲ್ಲಿ ಪಾರಿವಾಳಗಳ ಸಂಸಾರ. ಅಲ್ಲಿ ಕೂತವನು ರಾಜನಿಗಿಂತ ಮೊದಲು ತನ್ನ ಟೋಪಿಯನ್ನು ಕಾಯಬೇಕು. ಮೂಲೆ ಮೇಜಿನವನಿಗೆ ಶನಿವಾರ ಸಂಜೆ ಯಾರು ಬೇಕಾದರೂ ಸವಾಲು ಹಾಕಬಹುದು. ತಲಾ ಐದು ನಿಮಿಷದ ಒಂದೇ ಆಟ. ಸೋತವನು ಪಾರಿವಾಳದ ಮೇಜಿಗೆ ಹೋಗಬೇಕು, ಡ್ರಾ ಆದರೆ ಇದ್ದವರು ಇದ್ದಲ್ಲೇ. ವರ್ಷಗಟ್ಟಲೆ ಲಿಯಾಂಡರನದ್ದಾಗಿದ್ದ ಆ ಜಾಗವನ್ನು ಹಿಂದಿನ ಶನಿವಾರ ಫಿಟ್ಜ್‌ರಾಯ್ ಕಿತ್ತುಕೊಂಡಿದ್ದ.

ಫಿಟ್ಜ್‌ರಾಯ್ ಬಾರ್ಬಡೋಸಿನವನು. ಪಾರ್ಕಿಗೂ ಟೈ ಕಟ್ಟಿಕೊಂಡು ಬರುವ ನಿವೃತ್ತ ಲೆಕ್ಕಿಗ. ಗೆದ್ದಾಗ ನಗುವುದಿಲ್ಲ, ಕರವಸ್ತ್ರದಿಂದ ಕನ್ನಡಕ ಒರೆಸಿಕೊಳ್ಳುತ್ತಾನೆ. ಅದನ್ನು ನೋಡಿದರೆ ಲಿಯಾಂಡರನ ಮೈ ಉರಿಯುತ್ತದೆ. ಸಬ್‌ವೇ ಎಸ್ಕಲೇಟರ್ ರಿಪೇರಿ ಮಾಡುವ ಲಿಯಾಂಡರ್ ವಾರವಿಡೀ ಮನೆಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತ. ವರ್ನಾಳಿಗೆ ಸಾಕುಸಾಕಾಯಿತು. ಶಾಲೆಯಲ್ಲಿ ಮಕ್ಕಳಿಗೆ ಚದುರಂಗ ಕಲಿಸುವ, ರಜೆಯ ದಿನ ಪಾರ್ಕಿಗೆ ಬರುವ ಟಬಿತಾ ಟೀಚರ್ ಹತ್ತಿರ ಹೋಗಿ, ಕೈಗೊಂದು ಗೆಣಸಿನ ಪೈ ಇಟ್ಟು, ನಮ್ಮೆಜಮಾನರ ಆಟ ಒಂಚೂರು ನೋಡಿ ಹೇಳಿ ಅಂದಳು. ಟೀಚರಿಗೆ ಬರೆಯಲು ಬರುತ್ತಿದ್ದದ್ದು ಒಂದೇ ಬಗೆಯಲ್ಲಿ.

ಶೈಲಿ: ದಾಳಿ. ಬೆಲ್ ಒತ್ತದೆ ಇನ್ನೊಬ್ಬರ ಮನೆಗೆ ನುಗ್ಗುವ ರೀತಿ. ಸಾಮರ್ಥ್ಯ: ಕೈ ಬಹಳ ಚುರುಕು. ಯಾರಿಗೂ ಹೆದರುವುದಿಲ್ಲ. ಸೋಲುತ್ತಿರುವಾಗಲೂ ಉತ್ಸಾಹ ಕುಂದುವುದಿಲ್ಲ, ಏಕೆಂದರೆ ಸೋಲುತ್ತಿರುವುದು ತಿಳಿಯುವುದಿಲ್ಲ. ಸುಧಾರಿಸಬೇಕಾದ ಅಂಶಗಳು: ರಾಣಿಯನ್ನು ಆರಂಭದಲ್ಲೇ ಬೀದಿಗೆ ಕಳಿಸಬಾರದು. ರಾಜನನ್ನು ಬೇಗ ಕೋಟೆಗೆ ಸೇರಿಸಬೇಕು. ಆಟದ ಹೊತ್ತಿನಲ್ಲಿ ಬಾಯಿ ಮುಚ್ಚಿರಬೇಕು. ಕೊನೆಯದಕ್ಕೆ ಕೆಂಪು ಶಾಯಿಯಲ್ಲಿ ಅಡಿಗೆರೆ ಬೇರೆ.

"ಇದಕ್ಕೆ ಪೋಷಕರ ಸಹಿ ಯಾರು ಹಾಕ್ತಾರೆ, ನೀನಾ?" ಅಂತ ಕೇಳಿದ ಲಿಯಾಂಡರ್.

"ಹಾಕಿದ್ದೀನಿ ನೋಡಿ, ಕೆಳಗಡೆ," ಅಂದಳು ವರ್ನಾ.

ಲಿಯಾಂಡರ್ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ತನ್ನ ರಾಣಿ ತನ್ನಿಷ್ಟ, ಅವಳು ಮನೆಯಲ್ಲಿ ಕೂರುವವಳಲ್ಲ. ತನ್ನ ರಾಜ ಹೇಡಿಯಲ್ಲ, ಅವನಿಗೆ ಕೋಟೆ ಬೇಕಿಲ್ಲ. ಇನ್ನು ತನ್ನ ಬಾಯಿ ತನ್ನಪ್ಪ ಕೊಟ್ಟದ್ದು, ಅದನ್ನು ಮುಚ್ಚಿಸುವ ಟೀಚರು ಇನ್ನೂ ಹುಟ್ಟಿಲ್ಲ ಎಂದು ಬಾಗಿಲಲ್ಲಿ ನಿಂತು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಹೇಳಿ ಹೊರಟ.

ಅವನು ಪಾರ್ಕು ಮುಟ್ಟುವಷ್ಟರಲ್ಲಿ ಕಾರ್ಡು ಅವನಿಗಿಂತ ಮೊದಲೇ ಮುಟ್ಟಿತ್ತು. ವರ್ನಾ ಫೋಟೋ ತೆಗೆದು ತಂಗಿಗೆ ಕಳಿಸಿದ್ದಳು, ತಂಗಿ ಗಂಡನಿಗೆ ತೋರಿಸಿದ್ದಳು. ಆ ಗಂಡ, ಅಂದರೆ ಲಿಯಾಂಡರನ ಷಡ್ಡಕ ಕರ್ಟಿಸ್, ಪಾರ್ಕಿನ ಗುಂಪಿಗೆಲ್ಲ ಹಂಚಿ ಪುಣ್ಯ ಕಟ್ಟಿಕೊಂಡಿದ್ದ. ಗೇಟಿನ ಹತ್ತಿರ ಪ್ರೆಟ್ಜೆಲ್ ಮಾರುವವನು ಸಾಸಿವೆ ಹಚ್ಚಿ ಕೊಡುತ್ತಾ, ಇವತ್ತಾದರೂ ಕೋಟೆ ಕಟ್ಟಿ ಯಜಮಾನ್ರೇ ಅಂದ. ಆ ಮಹಾಶಯನಿಗೆ ಕುದುರೆ ಹೇಗೆ ನಡೆಯುತ್ತದೆ ಎನ್ನುವುದೂ ಗೊತ್ತಿರಲಿಲ್ಲ. ನಾಯಿ ತಿರುಗಾಡಿಸಲು ಬರುವ ಹೆಂಗಸೊಬ್ಬಳು ತನ್ನ ನಾಯಿಗೆ ತರಬೇತಿ ಕೊಟ್ಟ ಬಗೆ ವಿವರಿಸಿ, ಸುಮ್ಮನಿರುವುದನ್ನು ಯಾವ ವಯಸ್ಸಿನಲ್ಲೂ ಕಲಿಯಬಹುದು ಅಂತ ಧೈರ್ಯ ತುಂಬಿದಳು.

ಕರ್ಟಿಸ್ ಪಾರಿವಾಳದ ಮೇಜಿನ ಎದುರು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಜನ್ಮದಲ್ಲಿ ಒಮ್ಮೆಯೂ ಲಿಯಾಂಡರನನ್ನು ಸೋಲಿಸಿದವನಲ್ಲ.

"ಬಾ ಅಣ್ಣ, ಸಂಜೆಗೆ ಮುಂಚೆ ಒಂದಾಟ ಆಡಿ ಕೈ ಪಳಗಿಸ್ಕೋ. ನಿನ್ನ ತಪ್ಪೆಲ್ಲ ನಂಗೆ ಬಾಯಿಪಾಠ ಆಗಿದೆ."

ಇಷ್ಟು ಸಾಕಾಯಿತು. ಲಿಯಾಂಡರ್ ಎರಡನೇ ನಡೆಗೇ ರಾಣಿಯನ್ನು ಬೀದಿಗಿಳಿಸಿದ. ಬೇಕಂತಲೇ ಇಳಿಸಿದ, ಕಾಯಿ ಕಲ್ಲಿಗೆ ಬಡಿಯುವ ಸದ್ದು ಮೂಲೆ ಮೇಜಿನವರೆಗೂ ಕೇಳುವ ಹಾಗೆ. ಬಾಯನ್ನಂತೂ ಪೂರ್ತಿ ಬಿಚ್ಚಿದ. ಮಾಮೂಲಾಗಿ ಆಡುವಾಗ ಅವನ ಬಾಯಲ್ಲಿ ಎದುರಾಳಿಯ ಟೋಪಿ, ಎದುರಾಳಿಯ ಅತ್ತೆ, ಎದುರಾಳಿಯ ಗಡಿಯಾರದಲ್ಲಿ ಉಳಿದ ಹೊತ್ತು, ಎದುರಾಳಿಯ ಒಂಟೆಯ ಆರೋಗ್ಯ ಎಲ್ಲವೂ ಬಂದು ಹೋಗುತ್ತವೆ. ಇವತ್ತು ಟೀಚರ ಕೆಂಪು ಶಾಯಿಯೂ ಸೇರಿಕೊಂಡಿತು. ಕರ್ಟಿಸ್ ಕಾರ್ಡಿನಲ್ಲಿದ್ದುದನ್ನು ನೆನೆಸಿಕೊಂಡು ತಾಳ್ಮೆಯಿಂದ ರಾಣಿಯನ್ನು ಅಟ್ಟಾಡಿಸಿದ, ಹಿಡಿದ, ಗೆದ್ದ. ಎದ್ದು ನಿಂತು ಹೆಂಡತಿಗೆ ಫೋನು ಮಾಡಿದ. ಆಮೇಲೆ ಸಾಲುಗಟ್ಟಿ ಬಂದರು. ಹಿಂದೆ ಲಿಯಾಂಡರನ ಎದುರು ಕೂರಲು ಅಂಜುತ್ತಿದ್ದವರೆಲ್ಲ ಫೋನಿನಲ್ಲಿ ಕಾರ್ಡು ತೆರೆದಿಟ್ಟುಕೊಂಡೇ ಕೂತರು. ಅವನು ಪ್ರತಿ ಸಲ ಅದೇ ತಪ್ಪನ್ನು ಇನ್ನಷ್ಟು ಜೋರಾಗಿ ಮಾಡಿದ, ಸೋತ, ಮತ್ತೆ ಕಾಯಿ ಜೋಡಿಸಿದ. ನಡುವೆ ಪಾರಿವಾಳವೊಂದು ತನ್ನ ಅಭಿಪ್ರಾಯವನ್ನೂ ಅವನ ಹೆಗಲ ಮೇಲೆ ಹಾಕಿ ಹೋಯಿತು.

ಮಧ್ಯಾಹ್ನ ಟಬಿತಾ ಟೀಚರ್ ಬಂದಳು. ಲಿಯಾಂಡರ್ ಜೇಬಿನಿಂದ ಕಾರ್ಡು ತೆಗೆದು ಅವಳ ಮುಂದೆ ಹಿಡಿದ.

"ಟೀಚರ್, ನಾನು ನಿಮ್ಮ ಮೂರನೇ ಕ್ಲಾಸಿನವನಲ್ಲ. ನೀವು ಹುಟ್ಟೋಕೆ ಮುಂಚಿನಿಂದ ಇಲ್ಲಿ ಆಡ್ತಿದ್ದೀನಿ."

"ನಾನು ಬರ್ದಿದ್ರಲ್ಲಿ ಸುಳ್ಳೇನಿದೆ ಹೇಳಿ."

"ಸುಳ್ಳಲ್ಲ. ಆದ್ರೆ ಅದು ತಪ್ಪೂ ಅಲ್ಲ. ನನ್ನ ಆಟ ಇರೋದೇ ಹಂಗೆ."

"ಸರಿ ಬಿಡಿ," ಅಂದಳು ಟೀಚರ್, ಬಲು ಸಮಾಧಾನದಿಂದ. "ಮಕ್ಕಳೂ ಹೀಗೇ ಹೇಳ್ತಾರೆ. ಕೈಲಾಗಲ್ಲ ಅನ್ನೋದನ್ನ ಬೇಡ ಅಂತಾರೆ."

ಸುತ್ತ ನಿಂತವರೆಲ್ಲ 'ಓಹೋ' ಅಂದರು. ಲಿಯಾಂಡರ್ ಗ್ಯಾಸ್ಕಿನ್ಸ್‌ಗೆ ಹೊಡೆದು ಹೇಳಿ, ಬೈದು ಹೇಳಿ, ಕೇಳುವುದಿಲ್ಲ. ಆದರೆ ನಿನ್ನ ಕೈಲಾಗಲ್ಲ ಅಂದರೆ ಮುಗಿಯಿತು. ಒಮ್ಮೆ ಹಾಗೆ ಹೇಳಿಯೇ ಅವನಿಂದ ಹೆಪ್ಪುಗಟ್ಟಿದ ಕೊಳದಲ್ಲಿ ಮುಳುಗು ಹಾಕಿಸಿದ್ದರು. ಅವನು ಕಾರ್ಡನ್ನು ಮಡಿಸಿ ಜೇಬಿಗಿಟ್ಟ.

"ಸಂಜೆ ಫಿಟ್ಜ್‌ರಾಯ್ ಜೊತೆ ಆಡ್ತೀನಿ. ರಾಣಿ ಮನೇಲಿರ್ತಾಳೆ, ರಾಜ ಕೋಟೇಲಿರ್ತಾನೆ. ಆಟ ಮುಗಿಯೋವರ್ಗೂ ನನ್ನ ಬಾಯಿಂದ ಒಂದಕ್ಷರ ಬಂದ್ರೆ ಸೋಮವಾರ ನಿಮ್ಮ ಕ್ಲಾಸಲ್ಲಿ, ಆ ಚಿಕ್ಕ ಕುರ್ಚೀಲಿ ಕೂತ್ಕೋತೀನಿ. ಗೆದ್ದ ಮೇಲೆ ಮಾತ್ರ ಕಿವಿ ಮುಚ್ಕೊಳ್ಳಿ, ದಿನದ್ದೆಲ್ಲ ಸೇರಿಸಿ ಮಾತಾಡ್ತೀನಿ."

ಸಂಜೆ ಮೂಲೆ ಮೇಜಿನ ಸುತ್ತ ನಿಲ್ಲಲು ಜಾಗವಿರಲಿಲ್ಲ. ಮುದುಕ ಹಾಸ್ಕೆಲ್ ತನ್ನ ಮರದ ಚೌಕಟ್ಟಿನ ಹಳೇ ಗಡಿಯಾರ ತಂದಿಟ್ಟ. ಎರಡು ಮುಖ, ಒಂದೊಂದು ಮುಖದಲ್ಲೂ ಪುಟ್ಟ ಕೆಂಪು ಬಾವುಟ. ಹೊತ್ತು ತೀರಿದವನ ಬಾವುಟ ಸದ್ದಿಲ್ಲದೆ ಕೆಳಕ್ಕೆ ಬೀಳುತ್ತದೆ. ಬಿದ್ದದ್ದನ್ನು ಎದುರಾಳಿಯೇ ಕಂಡು, ಬಾಯಿಬಿಟ್ಟು 'ಬಾವುಟ' ಅನ್ನಬೇಕು; ಅಂದರೆ ಗೆದ್ದ. ಅನ್ನದೆ ತನ್ನದೂ ಬಿದ್ದುಹೋದರೆ ಡ್ರಾ. ನೋಡುವವರು ತುಟಿ ಬಿಚ್ಚುವಂತಿಲ್ಲ, ಬೆರಳೂ ತೋರಿಸುವಂತಿಲ್ಲ. ಈ ಕಟ್ಟಳೆಗಳನ್ನು ಹಾಸ್ಕೆಲ್ ಪ್ರತಿ ಸವಾಲಿಗೂ ಮೊದಲು ಓದಿದ ಹಾಗೆ ಹೇಳುತ್ತಾನೆ. ಈಗಲೂ ಹೇಳಿದ. ಲಿಯಾಂಡರ್ ತುಟಿ ಬಿಗಿದು ತಲೆಯಾಡಿಸಿದ.

ಆಟ ಶುರುವಾಯಿತು. ರಾಣಿ ಮನೆಯಲ್ಲೇ ಉಳಿದಳು, ರಾಜ ಕೋಟೆ ಸೇರಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ಫಿಟ್ಜ್‌ರಾಯ್ ಸ್ಥಿತಿ ಕೆಟ್ಟುಹೋಯಿತು. ಇಷ್ಟು ವರ್ಷ ಲಿಯಾಂಡರನ ಬೈಗುಳದ ತಾಳಕ್ಕೆ ಆಡಿ ಅಭ್ಯಾಸವಾದವನು, ಈಗ ಆ ನಿಶ್ಶಬ್ದದಲ್ಲಿ ತನ್ನ ಯೋಚನೆ ತನಗೇ ಕೇಳಿಸಿ ಕಂಗಾಲಾದ. ಇದರಲ್ಲೇನೋ ಮಸಲತ್ತಿದೆ ಎಂದು ಪ್ರತಿ ನಡೆಯನ್ನೂ ತಿರುಗಿಸಿ ಮುರುಗಿಸಿ ನೋಡಿದ. ಕೊನೆಗೆ ತಡೆಯಲಾರದೆ ತಲೆಯೆತ್ತಿದ.

"ಯಾಕೋ, ಹುಷಾರಾಗಿದ್ದೀಯ ತಾನೆ?"

ಲಿಯಾಂಡರ್ ಹೂಂ ಎಂದು ಕೂಡ ಅನ್ನಲಿಲ್ಲ. ಗೋಣು ಹಾಕಿದ, ಅಷ್ಟೆ. ಫಿಟ್ಜ್‌ರಾಯ್ ಒಂದು ಆನೆಯನ್ನು ಪುಕ್ಕಟೆ ಕೊಟ್ಟ. ಟಬಿತಾ ಟೀಚರ್ ಹೆಮ್ಮೆಯಿಂದ ಎದೆಯ ಮೇಲೆ ಕೈ ಕಟ್ಟಿಕೊಂಡಳು. ಆದರೆ ಬಾಯಿ ನಿಂತದ್ದೇ ಲಿಯಾಂಡರನ ಕೈಯೂ ನಿಧಾನವಾಗಿತ್ತು. ಮಾತು ನುಂಗಲು ಒಂದು ಗಳಿಗೆ, ಕಾಯಿ ನಡೆಸಲು ಇನ್ನೊಂದು. ಇಬ್ಬರ ಹೊತ್ತೂ ತೀರುತ್ತಾ ಬಂದು, ಮುಳ್ಳುಗಳು ಬಾವುಟಗಳನ್ನು ಇನ್ನೇನು ಬೀಳುವ ಹಾಗೆ ಎತ್ತಿ ಹಿಡಿದಿದ್ದವು.

ಮೊದಲು ಬಿದ್ದದ್ದು ಫಿಟ್ಜ್‌ರಾಯ್‌ನದು.

ಅವನು ನೋಡಿದ. ನೋಡಿಯೂ ಮುಖ ಕಲ್ಲು ಮಾಡಿಕೊಂಡು ಒಂದು ಕಾಲಾಳನ್ನು ಮುಂದೆ ತಳ್ಳಿ, ಗಡಿಯಾರ ಒತ್ತಿ, ಟೈ ಸರಿಮಾಡಿಕೊಂಡ. ಸುತ್ತಲಿನವರೆಲ್ಲ ನೋಡಿದರು. ಕರ್ಟಿಸ್ ಎರಡೂ ಕೈಯಲ್ಲಿ ತನ್ನ ಬಾಯಿ ಅಮುಕಿಕೊಂಡ. ನಾಯಿಯ ಹೆಂಗಸು ಕಣ್ಣು ಮುಚ್ಚಿದಳು. ಬೆಳಿಗ್ಗೆಯಿಂದ ಬಾಯಿ ಮುಚ್ಚು, ಬಾಯಿ ಮುಚ್ಚು ಎಂದು ಲಿಯಾಂಡರನ ತಲೆ ತಿಂದವರೆಲ್ಲ ಈಗ ಅವನ ತುಟಿಗಳನ್ನೇ ನೋಡುತ್ತಾ, ಅಂದುಬಿಡೋ ಮಾರಾಯ, ಒಂದೇ ಒಂದು ಮಾತು ಅಂದುಬಿಡು ಎಂದು ಮನಸ್ಸಿನಲ್ಲೇ ಹಲುಬಿದರು. ಟೀಚರ ಕಣ್ಣಲ್ಲಿ ನೀರೇ ಬಂದಿತ್ತು.

ಲಿಯಾಂಡರ್ ನಿಧಾನವಾಗಿ ತಲೆಯೆತ್ತಿ ಆ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದ. ಎಲ್ಲರೂ ಉಸಿರು ಬಿಗಿಹಿಡಿದು ತನ್ನನ್ನೇ ನೋಡುತ್ತಿದ್ದಾರೆ. ಅವನ ಎದೆ ಉಬ್ಬಿತು. ಬೆನ್ನು ನೆಟ್ಟಗೆ ಮಾಡಿ, ಟೀಚರ ಕಡೆಗೆ ವಿಶೇಷವಾಗಿ ತಿರುಗಿ, ತುಟಿಗಳನ್ನು ಇನ್ನಷ್ಟು ಬಿಗಿದು, ಕೈಲಾಗಲ್ಲ ಅಂದ್ರಲ್ಲಾ ಎಂಬಂತೆ ಹುಬ್ಬು ಹಾರಿಸಿದ. ಅವಳು ತಲೆ ಆಡಿಸಲೂ ಆಗದೆ ಅವನನ್ನೇ ಪಿಳಿಪಿಳಿ ನೋಡಿದಳು. ಆ ನೋಟವನ್ನು ಅವನು ಸಾವಕಾಶವಾಗಿ ಸವಿದ. ಆಮೇಲೆ ಕುದುರೆಯ ಕಡೆಗೆ ಕೈ ಚಾಚಿದ.

"ಇಬ್ಬರದೂ ಬಿದ್ದಿದೆ," ಅಂದ ಫಿಟ್ಜ್‌ರಾಯ್. ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡ.

ಲಿಯಾಂಡರ್ ಗಡಿಯಾರ ನೋಡಿದ. ಎರಡು ಕೆಂಪು ಬಾವುಟಗಳೂ ನೇತಾಡುತ್ತಿದ್ದವು. ಹಾಸ್ಕೆಲ್ ಗಡಿಯಾರವನ್ನು ಎತ್ತಿಕೊಂಡು, ಡ್ರಾ, ಇದ್ದವರು ಇದ್ದಲ್ಲೇ ಎಂದು ತೀರ್ಪು ಹೇಳಿ, ಟೀಚರ ಕಡೆ ತಿರುಗಿದ.

"ಅವನು ಗಡಿಯಾರ ನೋಡ್ತಿದ್ದಿದ್ದೇ ತನ್ನ ಬಾಯಲ್ಲಿ ಕಣಮ್ಮ. ನೀನು ಅದಕ್ಕೇ ಬೀಗ ಹಾಕ್ಸಿದೆ."

ಟಬಿತಾ ಟೀಚರ್ ತಪ್ಪಾಯಿತು ಎನ್ನಲು ಬಾಯಿ ತೆರೆದಳು. ಲಿಯಾಂಡರ್ ಕೈಯೆತ್ತಿ ತಡೆದ. ಬಾವುಟ ಬಿದ್ದದ್ದನ್ನು ನಾನು ನೋಡಲಿಲ್ಲ ಎಂದುಕೊಂಡಿರಾ, ನೋಡಿದ್ದೆ, ಚೆನ್ನಾಗಿಯೇ ನೋಡಿದ್ದೆ, ಆದರೆ ಆಟ ಮುಗಿಯುವವರೆಗೂ ಒಂದಕ್ಷರ ಆಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಗ್ಯಾಸ್ಕಿನ್ಸ್ ಮನೆತನದವರು ಒಂದು ಮೇಜಿಗಾಗಿ ಮಾತು ಮುರಿಯುವವರಲ್ಲ ಎಂದು ಘೋಷಿಸಿದ. ಒಬ್ಬರೂ ನಂಬಲಿಲ್ಲ. ಅವನ ಧ್ವನಿ ಸ್ವಲ್ಪ ಒಡೆದಿತ್ತು, ಅದಕ್ಕೇ ಯಾರೂ ನಗಲಿಲ್ಲ.

ಆಮೇಲೆ ಅವನು ಟೋಪಿ ಸರಿಮಾಡಿಕೊಂಡು, ಜೇಬಿನಿಂದ ಕಾರ್ಡು ತೆಗೆದು ಚೂರುಚೂರಾಗಿ ಹರಿದು ಪ್ರೆಟ್ಜೆಲ್ ಗಾಡಿಯ ಕಸದ ಡಬ್ಬಿಗೆ ಹಾಕಿ, ಸಾಲಿನ ಉದ್ದಕ್ಕೂ ನಡೆದು ಹೋಗಿ ಶೌಚಾಲಯದ ಗೋಡೆಯ ಪಕ್ಕ ಕೂತ. ದಾರಿ ತಪ್ಪಿ ಆ ಕಡೆ ಬಂದ ಪ್ರವಾಸಿಯೊಬ್ಬ, ಇಲ್ಲಿ ಆಡಬಹುದೇ ಎಂದು ವಿನಯವಾಗಿ ಕೇಳಿದ. ಲಿಯಾಂಡರ್ ರಾಣಿಯನ್ನು ಕಲ್ಲಿಗೆ ಕುಟ್ಟಿ ನಿಲ್ಲಿಸಿದ.

"ಕೂತ್ಕೊಳ್ಳಿ. ಮೊದ್ಲೇ ಹೇಳ್ಬಿಡ್ತೀನಿ ಸ್ವಾಮಿ, ನಂಗೆ ಬಾಯಿ ಜಾಸ್ತಿ."