ಕಾಕಾನ ತಗಡಿನ ಬಾನೆಟ್ಟು

ಕಾರಿನ ಬಾನೆಟ್ಟಿಗೆ ಹಲ್ಲಿರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅದರ ಬಾಯಿ ಬಿಡಿಸಿ ನೋಡದೆ ಬಂದವನು ನಮ್ಮ ಕಾಕಾ. ಎತ್ತು ಕೊಳ್ಳುವಾಗ ಮಾಡುವ ಉಳಿದೆಲ್ಲ ಪರೀಕ್ಷೆಗಳನ್ನೂ ಅವನು ಅದಕ್ಕೆ ಮಾಡಿದ್ದ. ನಾನೇ ಸಾಕ್ಷಿ.

ಅಂಕಲಿಯಲ್ಲಿ ನಮ್ಮದು ಕಬ್ಬು ಬೆಳೆಯುವ ಮನೆತನ. ಈ ಕಾಕಾ, ಅಂದರೆ ನನ್ನ ಅಪ್ಪನ ತಮ್ಮ, ಎಂಬತ್ತರ ದಶಕದಲ್ಲಿ ಎಲ್ಲಿಂದಲೋ ಒಂದು ಹಳೆಯ ಕಾರು ತಂದ. ಎತ್ತುಗಳ ನಡುವೆ ಬೆಳೆದ ಮನುಷ್ಯ, ಕಾರನ್ನೂ ಅದೇ ಜಾತಿಗೆ ಸೇರಿಸಿಬಿಟ್ಟ. ದೂರ ಹೋಗಿ ಬಂದರೆ ಮೊದಲು ಅದಕ್ಕೆ ನೀರು ಕುಡಿಸಿ, ಬೆನ್ನು ಚಪ್ಪರಿಸಬೇಕು. ಕಾರ ಹುಣ್ಣಿಮೆಗೆ ಎತ್ತಿನ ಕೊಂಬಿಗೆ ಹಚ್ಚಿ ಉಳಿದ ಬಣ್ಣವೆಲ್ಲ ಕಾರಿನ ಬಂಪರಿಗೆ! ಕೇಳಿದರೆ, "ಮೂಕ ಜೀವ ಐತಿ, ಅದಕ್ಕೂ ಆಶಾ ಇರ್ತೈತಿ" ಅನ್ನುತ್ತಿದ್ದ. ಮೂಕ ಜೀವವೆ? ಅದು ಬರುವ ಸದ್ದು ಕೃಷ್ಣೆಯ ಆಚೆ ದಂಡೆಗೂ ಕೇಳುತ್ತಿತ್ತು.

ಕಾರು ಅಂಗಳಕ್ಕೆ ಬಂದು ನಿಂತ ಕೂಡಲೇ ಹೊರಗೆ ಬರುತ್ತಿದ್ದವಳು ನಮ್ಮ ಆಯಿ, ಕಾಕಾನ ತಾಯಿ. ಅವಳ ಕಣ್ಣುಗಳು ಆಗಲೇ ಪೂರ್ತಿ ಹೋಗಿದ್ದವು. ಗೋಡೆ ಹಿಡಿದುಕೊಂಡು ಬಂದು, ತಗಡಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಮಗ ಎಲ್ಲಿಗೆ ಹೋಗಿದ್ದನೆಂದು ಹೇಳುತ್ತಿದ್ದಳು. ಬೆಚ್ಚಗಿದ್ದರೆ ಹತ್ತಿರದ ರಾಯಬಾಗ. ಚುರ್ರೆಂದರೆ ನಿಪ್ಪಾಣಿ. ಇಟ್ಟ ಕೈ ಇಟ್ಟ ಹಾಗೇ ಹಿಂದೆ ತೆಗೆದರೆ ಅಥಣಿ. ಊರ ಹೆಸರು ಅವಳ ಬಾಯಿಂದ ಬಂದ ಮೇಲೆಯೇ ಕಾಕಾನಿಗೆ ಕಾಲು ತೊಳೆಯಲು ನೀರು. ದಿನವಿಡೀ ಪಡಸಾಲೆಯಲ್ಲಿ ಕೂತಿರುತ್ತಿದ್ದ ಆ ಜೀವಕ್ಕೆ ಊರಾಚೆಯ ಲೋಕವೆಂದರೆ ಆ ತಗಡಿನ ಬಿಸಿ ಒಂದೇ.

ಒಮ್ಮೆ ಕಾಕಾ, "ಚಿಕ್ಕೋಡಿಗೆ ಹೋಗಿದ್ನೆವ್ವ, ಗೊಬ್ಬರ ಕೇಳಾಕ" ಎಂದ. ಆಯಿ ಸುಟ್ಟ ಅಂಗೈಯನ್ನು ಊದಿಕೊಳ್ಳುತ್ತ, "ಹೌದಾ? ಅಥಣ್ಯಾಗ ಕುಸ್ತಿ ಯಾರ ಗೆದ್ರು?" ಎಂದು ಕೇಳಿದಳು. ಬಾಗಿಲಲ್ಲಿ ಕಾಕು, ಕಾಕಾನ ಹೆಂಡತಿ, ನಿಂತಿದ್ದಳು. ಅಂದು ಕಾಕಾನ ತಾಟಿಗೆ ಬಿದ್ದದ್ದು ನಿನ್ನೆಯ ರೊಟ್ಟಿ.

ಇಂಥ ಬಾನೆಟ್ಟಿಗೆ ತುಕ್ಕು ಹಿಡಿಯಿತು. ಕೊಕ್ಕೆ ಸವೆಯಿತು. ಒಂದು ಮದುವೆಗೆಂದು ಹೊರಟಾಗ, ಕೊಗನೊಳ್ಳಿ ಹತ್ತಿರ ಗಾಳಿಗೆ ಅದು ಎದ್ದು ನಿಂತು ಮುಂದಿನ ಗಾಜನ್ನು ಪೂರ್ತಿ ಮುಚ್ಚಿಬಿಟ್ಟಿತು. ನಮ್ಮ ಕಾಕಾ ನಿಲ್ಲಿಸುವ ಪೈಕಿಯೆ? ಕಿಟಕಿಯಿಂದ ತಲೆ ಹೊರಗೆ ಹಾಕಿ ಓಡಿಸುತ್ತಲೇ ಇದ್ದ.

"ನಿಲ್ಲಸ್ರಿ, ಮುಂದ ಏನೂ ಕಾಣವಲ್ದು" ಎಂದಳು ಪಕ್ಕದಲ್ಲಿದ್ದ ಕಾಕು.

"ನಿನಗ್ಯಾಕ ಕಾಣಬೇಕು? ಹೊಡ್ಯಾಂವ ನಾ ಅದೀನಿ."

ಮನೆಗೆ ಬಂದ ಮೇಲೆ ಕಾಕು ಜಗಳ ಆಡಲಿಲ್ಲ. ಅದೇ ಹೆಚ್ಚು ಭಯ. ಮೆಲ್ಲಗೆ, "ನಿಮಗೇನರ ಆದ್ರ ನಿಮ್ಮವ್ವಗ ನಾ ಏನಂತ ಹೇಳ್ಲಿ? ಬ್ಯಾರೆ ಬಾನೆಟ್ ಹಾಕಸ್ರಿ" ಎಂದಳು.

ಆ ಮಾದರಿಯ ತಗಡಿನ ಬಾನೆಟ್ಟು ಆಗಲೇ ಬರುವುದು ನಿಂತಿತ್ತು. ನಿಪ್ಪಾಣಿಯಲ್ಲಿ ಒಬ್ಬ ಫೈಬರಿನದು ಮಾಡಿಕೊಡುತ್ತಾನೆಂದು ತಿಳಿದು ಹೋದೆವು. ನಾನಾಗ ಕಾಲೇಜು ಓದುತ್ತಿದ್ದೆ, ಎತ್ತಿ ಇಳಿಸಲು ಜೊತೆಯಾದೆ. ಅಂಗಡಿಯ ಗೋಡೆಗೆ ಮೂರು ಬಾನೆಟ್ಟು ಆನಿಸಿದ್ದರು: ಒಂದು ಬಿಳಿ, ಒಂದು ಮೂಗಿನ ಹಾಗೆ ಗಾಳಿಯ ತೂತು ಇದ್ದದ್ದು, ಇನ್ನೊಂದು ನೇಯ್ದ ಬಟ್ಟೆಯ ಹಾಗೆ ಹೊಳೆಯುವ ಕಪ್ಪು.

"ಕರೇದು ತಗೋರಿ ಕಾಕಾ. ರೇಸಿನ ಗಾಡಿಗೆ ಕಾರ್ಬನ್ ಅಂತ ಹಾಕ್ತಾರಲ್ರೀ, ಏಕದಮ್ ಅದರಂಗ" ಎಂದ ಅಂಗಡಿಯವ.

"ಅಂಕಲ್ಯಾಗ ನಾ ಯಾರ ಬೆನ್ನ ಹತ್ತಬೇಕಾಗೇತ್ಯೋ?" ಎಂದ ಕಾಕಾ.

ಆಮೇಲೆ ಶುರುವಾಯಿತು ನೋಡಿ. ಮೂರರ ಸುತ್ತಲೂ ತಿರುಗಿದ. ಬೆನ್ನು ಸವರಿದ. ಬಗ್ಗಿ ಹೊಟ್ಟೆ ನೋಡಿದ. ಕೆಟ್ಟ ಸುಳಿ ಇದೆಯೇ ಎಂದು ಮೂಲೆಮೂಲೆ ಹುಡುಕಿದ. ಕೊನೆಗೆ ಹೆಗಲ ಮೇಲಿನ ಟವೆಲ್ ತೆಗೆದು ಅಂಗಡಿಯವನ ಕೈ ಮೇಲೆ ಹಾಕಿ, ಒಳಗೆ ಅವನ ಬೆರಳು ಹಿಡಿದ. ದನದ ಸಂತೆಯಲ್ಲಿ ದರ ಕುದುರಿಸುವುದು ಹಾಗೆ, ಬಟ್ಟೆಯೊಳಗಿನ ಬೆರಳ ಲೆಕ್ಕದಲ್ಲೇ ಅಲ್ಲವೇ? ಪಾಪ, ಅಂಗಡಿಯವನಿಗೆ ಏನು ಗೊತ್ತು! ಕೈಗೆ ಏನೋ ಆಗಿದೆ, ನೋಡಿ ಹೇಳುತ್ತಾರೆ ಎಂದುಕೊಂಡು ಸುಮ್ಮನೆ ಕೂತ.

"ಹೂಡಿ ನೋಡದ ಎತ್ತ ತಗೋಳ್ತಾರೇನ? ಹಚ್ಚು, ಓಡಿಸಿ ನೋಡತೀನಿ" ಎಂದ ಕಾಕಾ. ಬಿಳಿಯದನ್ನು ಹಚ್ಚಿದರು. ಕೊಗನೊಳ್ಳಿತನಕ ಹೋಗಿ ಬಂದೆವು. ಕಾಕಾ ಇಳಿದವನೇ ಅದರ ಮೇಲೆ ಅಂಗೈ ಇಟ್ಟ. ಬಹಳ ಹೊತ್ತು ಇಟ್ಟೇ ಇದ್ದ.

"ಬಿಸಿನ ಆಗೂದಿಲ್ರಿ! ಅದ ಇದರ ಹೆಚ್ಚಗಾರಿಕಿ" ಎಂದು ಅಂಗಡಿಯವ ಎದೆ ಉಬ್ಬಿಸಿದ.

ಕಾಕಾನ ಮುಖ ಸಣ್ಣದಾಯಿತು. ಮೂಗಿನದನ್ನು ಹಚ್ಚಿಸಿದ. ಅದೂ ತಣ್ಣಗೆ. ಕಪ್ಪಾದರೂ ಒಂದಿಷ್ಟು ಬಿಸಿಲು ಹಿಡಿದೀತು ಎಂದು ಲೆಕ್ಕ ಹಾಕಿ, ಕೊನೆಗೆ ಅದನ್ನೇ ಹಾಕಿಸಿಕೊಂಡು, ಹಳೆಯ ತಗಡನ್ನು ಹಿಂದೆ ತುರುಕಿ ಹೊರಟ.

ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಆಯಿ ಬಂದು ಕೈ ಇಟ್ಟಳು.

"ಗಾಡಿ ಇಲ್ಲೇ ನಿಂತಿತ್ತೇನು? ಎಲ್ಲೂ ಹೋಗ್ಲಿಲ್ಲ?"

"ನಿಪ್ಪಾಣಿಗೆ ಹೋಗಿದ್ನೆವ್ವ."

ಆಯಿ ಇನ್ನೊಮ್ಮೆ ಇಟ್ಟಳು. ಆ ಕೈ ತೆಗೆದು ಈ ಕೈ ಇಟ್ಟಳು. ಬಾನೆಟ್ಟು ಬದಲಾಗಿದೆ ಎಂದು ಕಾಕಾ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, "ಕಣ್ಣ ಹೋಗಿದ್ದುವು. ಈಗ ಕೈಯೂ ಹೋದುವೇನಪಾ" ಎಂದಳು.

ನಾವೆಲ್ಲ ಸೇರಿ ಫೈಬರಿನ ಗುಣ ವಿವರಿಸಿದೆವು. ಆಯಿ ಹೂಂ ಹೂಂ ಎಂದಳು. ನಂಬಲಿಲ್ಲ. ಅಂದು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಮರುದಿನ ಬೆಳಗ್ಗೆ ಕಾಕಾ ಕಪ್ಪು ಬಾನೆಟ್ಟು ಬಿಚ್ಚಿ ತಗಡನ್ನು ಹಚ್ಚುತ್ತಿದ್ದ. ಕಾಕು ಬೈಯುತ್ತಾಳೆ ಎಂದು ನಾನು ಕಾದೆ. ಅವಳು ದನದ ಕೊಟ್ಟಿಗೆಗೆ ಹೋಗಿ ಎತ್ತಿನ ಹಗ್ಗ ತಂದಳು. "ಇದ್ರಲೆ ಬಿಗಿರಿ. ನಾನೂ ಬರ್ತೀನಿ, ಒಂದ ತುದಿ ಹಿಡಕೊಂಡ ಕುಂದರ್ತೀನಿ" ಎಂದಳು.

ಕೆಲಸ ಇರಲಿಲ್ಲ, ಕಾರ್ಯ ಇರಲಿಲ್ಲ. ಕಾರಿಗೆ ಮೂಗುದಾರ ಹಾಕಿದ ಹಾಗೆ ಕಿಟಕಿಯಿಂದ ಹಗ್ಗ ಹಿಡಿದ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಕಾ ಅಥಣಿಗೆ ಹೋಗಿ ಬಂದ. ಆಯಿ ಹೆದರುತ್ತಲೇ ಕೈ ಇಟ್ಟಳು. ಇಟ್ಟ ಹಾಗೇ ಹಿಂದೆ ತೆಗೆದಳು.

"ಅಥಣಿ" ಎಂದು ಸಣ್ಣ ಹುಡುಗಿಯ ಹಾಗೆ ನಕ್ಕಳು. "ಛಲೋ ಅದಾವ ನನ್ನ ಕೈ."

ರೇಸಿನ ಬಾನೆಟ್ಟು ಮಾಳಿಗೆ ಏರಿತು. ಪ್ರತಿ ಬೇಸಿಗೆ ಕಾಕು ಅದರ ಮೇಲೆ ಶ್ಯಾವಿಗೆ ಒಣಗಿಸಿದಳು.

ಕೆಲವು ವರ್ಷಗಳ ಮೇಲೆ ಆಯಿ ತೀರಿಕೊಂಡಳು. ಇನ್ನು ಆ ತಗಡಿನ ಹಂಗು ಯಾರಿಗಿತ್ತು? ಆದರೂ ಬದಲಿಸೋಣ ಎಂದು ಯಾರೂ ಅನ್ನಲಿಲ್ಲ. ಒಂದು ಸಂಜೆ ನಾನೂ ಕಾಕಾನೂ ರಾಯಬಾಗಕ್ಕೆ ಹೋಗಿ ಬಂದೆವು. ಇಂಜಿನ್ ಆರಿಸಿ ಇಳಿದವನು ಒಳಗೆ ಬರಲೇ ಇಲ್ಲ. ಬಾನೆಟ್ಟಿನ ಮುಂದೆ ನಿಂತಿದ್ದ.

"ಬಾ ಕಾಕಾ, ಕಾಲ ತೊಳ್ಕೊ" ಎಂದೆ.

"ತಡಿ. ಇನ್ನಾ ಬಿಸಿ ಐತಿ" ಎಂದ.

ಅಷ್ಟರಲ್ಲಿ ಕಾಕು ಹೊರಗೆ ಬಂದಳು. ನೀರಿನ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ತಗಡಿನ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಯೋಚಿಸಿದಳು.

"ನಿಪ್ಪಾಣಿ" ಎಂದಳು.

ಕಾಕಾ ನನ್ನ ಕಡೆ ನೋಡಲಿಲ್ಲ.

"ಹೌದು, ನಿಪ್ಪಾಣಿಗೇ ಹೋಗಿದ್ವಿ" ಎಂದು ಹೇಳಿ, ಕಾಲು ತೊಳೆಯಲು ನಡೆದ.